ಎಸ್‌9ಗೆ ಯಾವುದು: ಬೀಟಾ-ನ್ಯಾಫ್ಥೋಫ್ಲೇವೋನ್ ಮತ್ತು ಫೀನೋಬಾರ್ಬಿಟಾಲ್ ಜೋಡಿಯೋ, ಅರೋಕ್ಲೋರ್ 1254 ಓ?

ಏಮ್ಸ್ ಪರೀಕ್ಷೆಗೆ (ಒಂದು ವಸ್ತು ಬ್ಯಾಕ್ಟೀರಿಯಾದ ಜೀನ್ ಕೆಡಿಸುತ್ತದಾ ಅಂತ ನೋಡುವ ಪರೀಕ್ಷೆ) ಇಲಿಯ ಲಿವರ್‌ನಿಂದ ಎಸ್‌9, ಅಂದರೆ ಕಿಣ್ವಗಳಿರುವ ಸಾರ, ತಯಾರಿಸಬೇಕು. ಲಿವರ್‌ನಲ್ಲಿ ಆ ಕಿಣ್ವಗಳು ಏರಲು ಇಲಿಗೆ ಮೊದಲು ಏನು ಕೊಡೋದು ಅನ್ನೋದು ಪ್ರಶ್ನೆ, ಅಲ್ವಾ? ಈ ಪರೀಕ್ಷೆಯ ಅಂತಾರಾಷ್ಟ್ರೀಯ ಮಾರ್ಗಸೂಚಿ ಒಇಸಿಡಿ 471 ಎರಡನ್ನೂ ಒಪ್ಪುತ್ತದೆ.

ಕೆಲಸ ಸುಲಭ ಆಗೋದು ಅರೋಕ್ಲೋರ್‌ನಲ್ಲಿ. ಒಂದೇ ಇಂಜೆಕ್ಷನ್, ಹಲವು ಬಗೆಯ ಕಿಣ್ವಗಳು ಒಟ್ಟಿಗೆ ಏರುತ್ತವೆ. ಬೀಟಾ-ನ್ಯಾಫ್ಥೋಫ್ಲೇವೋನ್ ಕೃತಕ ಫ್ಲೇವನಾಯ್ಡ್. ಅದು ಮುಖ್ಯವಾಗಿ ಸಿವೈಪಿ1ಎ ಎಂಬ ಕಿಣ್ವಗಳ ಗುಂಪನ್ನು ಮಾತ್ರ ಏರಿಸುತ್ತದೆ. ಹಾಗಾಗಿ ಬೇರೆ ಕಿಣ್ವಗಳನ್ನು ಏರಿಸೋಕೆ ಫೀನೋಬಾರ್ಬಿಟಾಲ್ ಜೊತೆಗೆ ಬೇಕೇ ಬೇಕು, ಡೋಸ್‌ಗಳೂ ಜಾಸ್ತಿ. ಬೀಟಾ-ನ್ಯಾಫ್ಥೋಫ್ಲೇವೋನ್‌ನ ತಿಳಿಹಳದಿ ಪುಡಿ ನೀರಿನಲ್ಲಿ ಕರಗೋದಿಲ್ಲ. ಜೋಳದ ಎಣ್ಣೆಯಲ್ಲಿ ಕಲಸಿಟ್ಟರೂ ತಳಕ್ಕೆ ಕೂರುತ್ತದೆ. ಸಿರಿಂಜಿಗೆ ಎಳೆಯುವ ಮುನ್ನ ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಿ, ಇಲ್ಲದಿದ್ದರೆ ಒಂದೊಂದು ಇಲಿಗೆ ಒಂದೊಂದು ಡೋಸ್ ಹೋಗುತ್ತದೆ.

ಸುರಕ್ಷತೆಯಲ್ಲಿ ವ್ಯತ್ಯಾಸ ದೊಡ್ಡದು. ಅರೋಕ್ಲೋರ್ ಪಿಸಿಬಿಗಳ (ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಎಂಬ ಕ್ಲೋರಿನ್ ಇರುವ ರಾಸಾಯನಿಕಗಳ) ಮಿಶ್ರಣ, ತೂಕದಲ್ಲಿ ಸುಮಾರು 54% ಕ್ಲೋರಿನ್. ಪಿಸಿಬಿ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ವರ್ಗೀಕರಿಸಿದೆ. ಅದು ವರ್ಷಗಟ್ಟಲೆ ಕೊಳೆಯೋದಿಲ್ಲ. ಸತ್ತ ಇಲಿ, ಅದರ ಹಾಸು, ಗ್ಲೌಸ್ ಎಲ್ಲವೂ ಅಪಾಯದ ಕಸವೇ. ಪ್ರಾಣಿಮನೆ ಗುಡಿಸುವವರ ಕೈಗೂ ಅದು ತಾಗಬಹುದು, ಅದೇ ನನಗೆ ಜಾಸ್ತಿ ಚಿಂತೆ. ಬೀಟಾ-ನ್ಯಾಫ್ಥೋಫ್ಲೇವೋನ್ ಹಾಗೆಂದು ಸುಮ್ನೆ ಬರಿಗೈಲಿ ಮುಟ್ಟುವ ವಸ್ತುವಲ್ಲ. ಗ್ಲೌಸ್ ಹಾಕಿ, ಪುಡಿಯನ್ನು ಹುಡ್‌ನೊಳಗೇ (ಗಾಳಿ ಹೊರಗೆ ಎಳೆಯುವ ಪೆಟ್ಟಿಗೆಯೊಳಗೆ) ತೂಗಿ.

ಕಾಗದಪತ್ರದ ತಲೆನೋವು ಜೋಡಿಗೂ ಇದೆ: ಫೀನೋಬಾರ್ಬಿಟಾಲ್ ಭಾರತದಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಡಿ ಬರುತ್ತದೆ.

ಹಳೆಯ ಅರೋಕ್ಲೋರ್ ಫಲಿತಾಂಶಗಳ ಜೊತೆ ನೇರ ಹೋಲಿಸಬೇಕು, ಕಸ ಸುಡುವ ಸರಿಯಾದ ವ್ಯವಸ್ಥೆಯೂ ಇದೆ ಅಂದರೆ ಅದನ್ನೇ ಮುಂದುವರಿಸಿ. ಹೊಸದಾಗಿ ಶುರುಮಾಡುವ ಲ್ಯಾಬ್‌ಗೆ ಜೋಡಿಯೇ ಸರಿ. ವರ್ಷಕ್ಕೆ ನಾಲ್ಕೈದು ಪರೀಕ್ಷೆ ಮಾತ್ರವಾದರೆ ರೆಡಿಮೇಡ್ ಎಸ್‌9 ಕೊಂಡು ಮೈನಸ್ 80 ಡಿಗ್ರಿಯಲ್ಲಿ ಇಡಿ.