ಇನ್ಹೇಲರ್ ತೆಗೆದುಕೊಂಡಳೋ ಇಲ್ಲವೋ: ಕ್ಯಾಲೆಂಡರ್, ಎಣಿಕೆಯ ಕಿಂಡಿ, ಒಂದು ಪ್ರಶ್ನೆ

ಹನ್ನೊಂದು ವರ್ಷದ ಮಗಳಿಗೆ ಆಸ್ತಮಾ. ಬೆಳಿಗ್ಗೆ ಒಂದು, ರಾತ್ರಿ ಒಂದು ಪಫ್. ಉಬ್ಬಸ ಇಲ್ಲದ ದಿನವೂ ತಪ್ಪಿಸುವಂತಿಲ್ಲ. ಪೆರ್ಲದ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಆಗ ಮದ್ದು ತಪ್ಪಿದರೆ ನಡುರಾತ್ರಿ ಜೀಪು ಹುಡುಕಬೇಕು.

ಮೊದಲು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿದೆ. ಒಂದು ದಿನ ನೋಡಿದರೆ ತಿಂಗಳಿಡೀ ಒಂದೇ ಹಸಿರು ಶಾಯಿ, ಒಂದೇ ಓರೆ. ಇನ್ನೂ ಬಾರದ ಭಾನುವಾರಕ್ಕೂ ಎರಡು ಗುರುತು ಬಿದ್ದಿದ್ದವು! ಮದ್ದಿನ ಅಂಗಡಿಯ ಬಿಲ್ಲುಗಳನ್ನೂ ಜೋಡಿಸಿದೆ. ಅವು ನಾವು ಕೊಂಡದ್ದಕ್ಕೆ ಸಾಕ್ಷಿ, ಅಷ್ಟೇ.

ಆಮೇಲೆ ಎಣಿಕೆಯ ಕಿಂಡಿಯಿರುವ ಇನ್ಹೇಲರ್ ತಂದೆವು. ಒತ್ತಿದಷ್ಟೂ 120ರಿಂದ ಕೆಳಗಿಳಿಯುತ್ತದೆ. ಯಂತ್ರಕ್ಕೆ ದಾಕ್ಷಿಣ್ಯವಿಲ್ಲವೆಂದು ನಾನು ನಿಶ್ಚಿಂತನಾಗಿದ್ದೆ. ಇಪ್ಪತ್ತು ದಿನ ಕಳೆದು ಮಂಗಳೂರಿನ ಡಾಕ್ಟರಲ್ಲಿಗೆ ಹೊರಡುವ ಮುನ್ನಾದಿನ ಬೆಳಿಗ್ಗೆ ಕಿಂಡಿಯಲ್ಲಿ 97 ಇತ್ತು. ಸಂಜೆ ತೋಟದಿಂದ ಬರುವಾಗ ಜಗಲಿಯ ಮೂಲೆಯಲ್ಲಿ ಪುಸ್ ಪುಸ್ ಸದ್ದು. ಅಂಗಳದ ಗಾಳಿಗೆ ಹದಿನೇಳು ಸಲ ಒತ್ತಿ 80ಕ್ಕೆ ತಂದು ನಿಲ್ಲಿಸಿದ್ದಳು. ಲೆಕ್ಕ ಸರಿಯಾಗಿಯೇ ಇತ್ತು. ಕೋಪದ ನಡುವೆಯೂ ತುಸು ಹೆಮ್ಮೆಯಾಯಿತು. ಭೇಟಿಯ ಹಿಂದಿನ ದಿನ ಹೀಗೆ ಖಾಲಿ ಮಾಡುವವರು ಎಲ್ಲ ಊರುಗಳಲ್ಲೂ ಇದ್ದಾರೆ ಎಂದು ಡಾಕ್ಟರು ನಕ್ಕರು. ಕಿಂಡಿ ಒತ್ತಿದ್ದನ್ನು ಎಣಿಸುತ್ತದೆ, ಶ್ವಾಸಕೋಶಕ್ಕೆ ಹೋದದ್ದನ್ನಲ್ಲ. ಇನ್ಹೇಲರನ್ನು ಅಲುಗಾಡಿಸಿ, ಸ್ಪೇಸರ್ (ಅದಕ್ಕೆ ಜೋಡಿಸುವ ಕೊಳವೆ) ಹಿಡಿದು, ನಿಧಾನ ಎಳೆದುಕೊಳ್ಳುತ್ತಾಳೆಯೇ ಎಂಬುದಕ್ಕೆ ಪಕ್ಕದಲ್ಲಿ ನಿಂತು ನೋಡುವುದೇ ದಾರಿ.

ಡಾಕ್ಟರು ಅವಳನ್ನು “ತೆಗೆದುಕೊಂಡೆಯಾ?” ಎಂದು ಕೇಳಲಿಲ್ಲ. “ಎಲ್ಲರಿಗೂ ತಪ್ಪುತ್ತದೆ ಮಗಳೇ, ಕಳೆದ ವಾರ ನಿನಗೆ ಎಷ್ಟು ಸಲ ತಪ್ಪಿತು?” ಎಂದರು. ಅವಳು ಬೆರಳು ಮಡಿಸಿದಳು: ಬೆಳಿಗ್ಗೆ ಐದು, ಶಾಲೆಯ ಬಸ್ಸಿನ ಅವಸರ, ರಾತ್ರಿ ಒಂದು. ನನ್ನೆದುರು ಒಂದು ವರ್ಷ “ಹೂಂ” ಎಂದೇ ಹೇಳಿದವಳು! ದೀರ್ಘಕಾಲದ ಕಾಯಿಲೆಗಳಲ್ಲಿ ಹೇಳಿದಂತೆ ಮದ್ದು ತೆಗೆದುಕೊಳ್ಳುವುದು ಶ್ರೀಮಂತ ದೇಶಗಳಲ್ಲೂ ಸರಾಸರಿ ಅರ್ಧದಷ್ಟೇ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿ ಹೇಳಿತ್ತು. ನಮ್ಮದೂ ಹೆಚ್ಚುಕಡಿಮೆ ಅಲ್ಲಿಯೇ.

ಕ್ಯಾಲೆಂಡರನ್ನು ಬಿಟ್ಟಿದ್ದೇನೆ. ಇನ್ಹೇಲರ್ ಈಗ ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿದೆ. ಆಮೇಲೆ ಬಾಯಿ ಮುಕ್ಕಳಿಸುವುದೂ ಮರೆಯುವುದಿಲ್ಲ. ಭಾನುವಾರ ಕಿಂಡಿ ನೋಡಿ, ಡಾಕ್ಟರು ಕೇಳಿದಂತೆಯೇ ಕೇಳುತ್ತೇನೆ. ಈ ವಾರ 62 ಇರಬೇಕಿತ್ತು, 63 ಇತ್ತು.

“ಗುರುವಾರ ಅಜ್ಜನ ಮನೆಯಲ್ಲಿ, ಅಪ್ಪಾ,” ಎಂದಳು, ನಾನು ಬಾಯಿ ತೆರೆಯುವ ಮೊದಲೇ.