ಫೀಸಿಲ್ಲದ ವಕೀಲರು, ಕೆಲಸ ಬಿಟ್ಟ ಗಂಡ: ಐದಕ್ಕೆ ನಾಲ್ಕು

ಉಚಿತ ಕಾನೂನು ನೆರವು ಎಂದಾಗ ಮೂಗು ಮುರಿದವಳು ನಾನೇ. ಪುಕ್ಕಟೆ ಸಿಗುವ ವಕೀಲರು ಎಷ್ಟು ಕೆಲಸ ಮಾಡಿಯಾರು ಅಂತ. ಹಾಗಾಗಿ ಗಂಡನಿಂದ ಮಗಳ ಖರ್ಚು ಕೇಳುವ ಕೇಸಿಗೆ ಮೊದಲು ಹೋದದ್ದು ದುಡ್ಡು ಕೊಡುವ ವಕೀಲರಲ್ಲಿಗೆ. ಆ ವಕೀಲರು 15,000 ಅಡ್ವಾನ್ಸ್ ತೆಗೆದುಕೊಂಡರು. ಕಥೆ ಪೂರ್ತಿ ಕೇಳಿ, "ಅವರಿಗೆ ಈಗ ಕೆಲಸವೇ ಇಲ್ಲವಲ್ಲಮ್ಮ, ಕೋರ್ಟಾದರೂ ಎಲ್ಲಿಂದ ಕೊಡಿಸುತ್ತದೆ?" ಎಂದರು. ಉಡುಪಿಯಿಂದ ಬ್ರಹ್ಮಾವರಕ್ಕೆ ಬಸ್ಸಿನಲ್ಲಿ ಬರುವಾಗ ತಲೆಯಲ್ಲಿ ಅದೊಂದೇ ಮಾತು.

ಕೆಲಸ ಇಲ್ಲದ್ದು ನಿಜ. ಆದರೆ ಹೋದದ್ದಲ್ಲ ಮಾರಾಯ್ರೆ, ಬಿಟ್ಟದ್ದು. ಮಂಗಳೂರಿನ ಒಂದು ಕಾರ್ ಶೋರೂಮಿನಲ್ಲಿ ಸರ್ವಿಸ್ ಅಡ್ವೈಸರ್ ಆಗಿದ್ದರು. ಮಗಳ ಖರ್ಚಿಗೆ ಕೇಸ್ ಹಾಕುತ್ತೇನೆ ಎಂದ ಮೂರನೇ ವಾರಕ್ಕೆ ರಾಜೀನಾಮೆ. ನನ್ನ ಅಣ್ಣನಿಗೆ ಫೋನ್ ಮಾಡಿ, "ಅವಳಿಗೆ ಕೊಡುವುದಕ್ಕಿಂತ ಅಮ್ಮನ ಮನೆಯಲ್ಲಿ ಕೂತು ಗಂಜಿ ಕುಡಿದೇನು" ಎಂದರಂತೆ. (ಇಲ್ಲಿ 'ಅವರು' ಎಂದೇ ಬರೆಯುತ್ತಿದ್ದೇನೆ. ಮುಂದೊಂದು ದಿನ ಮಗಳು ಓದಿಯಾಳು.)

ನಂದು ಸಣ್ಣ ಟೈಲರಿಂಗ್ ಅಂಗಡಿ. ರವಿಕೆ ಹೊಲಿಸಲು ಬರುವ ಆಶಾ ಕಾರ್ಯಕರ್ತೆಯೊಬ್ಬರು ಉಚಿತ ಕಾನೂನು ನೆರವಿನ ಸಹಾಯವಾಣಿ 15100ರ ನಂಬರ್ ಕೊಟ್ಟರು. ಅಲ್ಲಿಂದ ಕಾನೂನು ಸೇವಾ ಪ್ರಾಧಿಕಾರದ ಕಚೇರಿ, ಒಂದು ಅರ್ಜಿ, ಆಧಾರ್ ಕಾಪಿ. ಆದಾಯದ ಸರ್ಟಿಫಿಕೇಟ್ ತರಬೇಕಾ ಎಂದು ಕೇಳಿದೆ. ಬೇಡವಂತೆ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ ಈ ನೆರವು ಸಿಗಲು ಆದಾಯದ ಮಿತಿಯೇ ಇಲ್ಲ. ಇದು ಮೊದಲೇ ಗೊತ್ತಿದ್ದರೆ ನನ್ನ 15,000 ಉಳಿಯುತ್ತಿತ್ತು.

ಸಿಕ್ಕಿದವರು ನನಗಿಂತ ಚಿಕ್ಕ ವಯಸ್ಸಿನ ವಕೀಲೆ. ನಾನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಹನ್ನೊಂದು ವರ್ಷದ ಸಂಸಾರವನ್ನೆಲ್ಲ ಬರೆದು ಒಯ್ದಿದ್ದೆ. ಅತ್ತೆ ಅಂದದ್ದು, ಚೌತಿಗೆ ಸೀರೆ ತಾರದ್ದು, ಎಲ್ಲಾ. ಅವರು ನಾಲ್ಕು ಹಾಳೆ ಮಗುಚಿ ಪಕ್ಕಕ್ಕಿಟ್ಟರು. "ಅಕ್ಕಾ, ಅವರು ಎಂಥವರು ಅನ್ನುವುದು ಈ ಕೇಸಿಗೆ ಬೇಡ. ಎಷ್ಟು ದುಡಿಯಬಲ್ಲರು, ಅದು ಹೇಳಿ." ನನಗೆ ಸಿಟ್ಟೇ ಬಂದಿತ್ತು. ಈಗ ಯೋಚಿಸಿದರೆ, ಇಡೀ ಕೇಸು ನಿಂತದ್ದು ಆ ಒಂದು ಮಾತಿನ ಮೇಲೆ.

ಗಂಡನ ವಯಸ್ಸು 38. ಮೆಕ್ಯಾನಿಕಲ್ ಡಿಪ್ಲೊಮಾ. ಕಾಯಿಲೆ ಕಸಾಲೆ ಇಲ್ಲ. ಕಪಾಟಿನಲ್ಲಿ ಹುಡುಕಿದಾಗ ಹಳೆಯ ಸಂಬಳದ ಚೀಟಿ ಸಿಕ್ಕಿತು, 31,500. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಬೈಕಿನ ಇಎಂಐ. ಕಂತು ಕಟ್ಟಿದ ಮೆಸೇಜ್ ಇನ್ನೂ ನನ್ನ ಮೊಬೈಲಿಗೇ ಬರುತ್ತಿತ್ತು. ನಂಬರ್ ಬದಲಿಸಲು ಮರೆತಿದ್ದರು, ಪಾಪ. ಗಂಜಿ ಕುಡಿಯುವವರು ಪ್ರತಿ ತಿಂಗಳು 5ನೇ ತಾರೀಖಿಗೆ ಸರಿಯಾಗಿ ಕಂತು ಕಟ್ಟುವುದು ಹೇಗೆ?

ಅರ್ಜಿ ಹಾಕಿದ್ದು 2024ರ ಆಗಸ್ಟ್‌ನಲ್ಲಿ. ಹೆಂಡತಿ, ಮಕ್ಕಳ ಖರ್ಚು ಕೇಳುವ ಈ ಜೀವನಾಂಶದ ಕೇಸಿಗೆ ಹಿಂದೆ 125ನೇ ಸೆಕ್ಷನ್ ಎನ್ನುತ್ತಿದ್ದದ್ದು ಆ ವರ್ಷದ ಜುಲೈಯಿಂದ ಹೊಸ ಕಾನೂನಿನಲ್ಲಿ 144 ಆಗಿದೆ. ಸುಪ್ರೀಂ ಕೋರ್ಟಿನ 2020ರ ರಜನೀಶ್ ಮತ್ತು ನೇಹಾ ಕೇಸಿನ ತೀರ್ಪಿನ ನಂತರ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕು. ಇಬ್ಬರೂ! ನನ್ನ ಚೀಟಿ ದುಡ್ಡು, ಎರಡು ಬಳೆ, ಅಂಗಡಿಯ ಸಂಪಾದನೆ ಎಲ್ಲ ಬರೆಯಬೇಕಾಯಿತು. ಬಳೆ ಬಿಟ್ಟುಬಿಡೋಣವಾ ಎಂದು ಕೇಳಿದ್ದಕ್ಕೆ ವಕೀಲೆ ನನ್ನ ಮುಖ ನೋಡಿದ ರೀತಿಗೆ ತಲೆತಗ್ಗಿಸಿ ಬರೆದೆ.

ಅವರ ಕಡೆಯ ಉತ್ತರ ಒಂದೇ: ನಿರುದ್ಯೋಗಿ, ತಾಯಿಯ ಆಸರೆಯಲ್ಲಿದ್ದೇನೆ. ನಮ್ಮ ವಕೀಲೆ ಸುಪ್ರೀಂ ಕೋರ್ಟಿನ 2022ರ ಅಂಜು ಗರ್ಗ್ ತೀರ್ಪು ತೋರಿಸಿದರು. ಮೈಯಲ್ಲಿ ಶಕ್ತಿ ಇರುವವನು ಕೂಲಿ ಮಾಡಿಯಾದರೂ ಹೆಂಡತಿ, ಚಿಕ್ಕ ಮಕ್ಕಳನ್ನು ಸಾಕಬೇಕು ಅನ್ನುತ್ತದೆ ಅದು. ನಿಜವಾಗಿ ಕಂಪನಿ ಮುಚ್ಚಿದ್ದರೆ, ಕಾಯಿಲೆ ಬಿದ್ದಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು ಎಂದೂ ನನಗೆ ಮೊದಲೇ ಹೇಳಿದ್ದರು. ಸುಮ್ನೆ ಆಸೆ ಹುಟ್ಟಿಸಲಿಲ್ಲ.

ನೋಟಿಸ್ ಮುಟ್ಟಿದ 60 ದಿನದೊಳಗೆ, ಆದಷ್ಟು ಮಟ್ಟಿಗೆ, ಮಧ್ಯಂತರ ಅರ್ಜಿ (ಕೇಸು ಮುಗಿಯುವವರೆಗೆ ತಿಂಗಳ ಖರ್ಚು ಕೊಡಿಸಿ ಎನ್ನುವ ಅರ್ಜಿ) ತೀರ್ಮಾನವಾಗಬೇಕು ಎಂದು ಕಾನೂನು. ಅವರು ಸಮಯ ಕೇಳುತ್ತಾ ಹೋದರು, ನಮಗೆ ಮಾರ್ಚ್ ಆಯಿತು. ಮಗಳಿಗೆ ತಿಂಗಳಿಗೆ 7,000, ಅರ್ಜಿ ಹಾಕಿದ ತಿಂಗಳಿಂದಲೇ. ಎಂಟು ತಿಂಗಳಿಗೆ 56,000. ಮಜಾ ಏನೆಂದರೆ, ಆರ್ಡರ್ ಆದ ಮುಂದಿನ ತಿಂಗಳೇ ಮಂಗಳೂರಿನಲ್ಲಿ ಇನ್ನೊಂದು ಕಡೆ ಕೆಲಸ ಸಿಕ್ಕಿತಂತೆ!

ಒಂದು ಸ್ಟಾರ್ ಕಡಿಮೆ ಮಾಡಿದ್ದು ಫೋನಿಗೆ. ವಕೀಲೆ ಸಂಜೆ ಏಳರ ಮೊದಲು ಎತ್ತುವುದಿಲ್ಲ. ಒಮ್ಮೆ ತಾರೀಖಿಗೆ ಜೂನಿಯರ್ ಒಬ್ಬನನ್ನು ಕಳಿಸಿದ್ದರು. ಅವನು ನನ್ನನ್ನು ಬೇರೆ ಯಾರದೋ ಹೆಸರಿನಲ್ಲಿ ಕರೆಯುತ್ತಾ ವರಾಂಡದಲ್ಲಿ ಹುಡುಕುತ್ತಿದ್ದ. ಆರ್ಡರಿನ ಕಾಪಿಗೂ ಮೂರು ಸಲ ನೆನಪು ಮಾಡಬೇಕಾಯಿತು. ಆದರೆ ಫೀಸು ಅಂತ ಒಂದು ರೂಪಾಯಿ ಕೇಳಲಿಲ್ಲ. ನಾನು ಕೊಟ್ಟ ರವಿಕೆ ಬಟ್ಟೆಯನ್ನೂ ವಾಪಸ್ ಮಾಡಿದರು.

ಏಪ್ರಿಲಿನಿಂದ ತಿಂಗಳದ್ದು ಬರುತ್ತಿದೆ. ಹಳೆ ಬಾಕಿಯಲ್ಲಿ 20,000 ಬಂತು, 36,000 ಉಳಿದಿದೆ. ಕೊಡದಿದ್ದರೆ ಬಾಕಿಯ ಒಂದೊಂದು ತಿಂಗಳಿಗೆ ಒಂದು ತಿಂಗಳವರೆಗೆ ಜೈಲು ಹಾಕಬಹುದು, ಹೋಗಿ ಬಂದರೂ ಸಾಲ ತೀರುವುದಿಲ್ಲ. ನಾವು ಕೇಳುವುದಾದರೆ ಬಾಕಿಯಾದ ಒಂದು ವರ್ಷದೊಳಗೆ ಕೇಳಬೇಕು, ಇದು ಮರೆಯಬೇಡಿ. ನಮ್ಮ ಅರ್ಜಿ ಟೈಪ್ ಆಗಿದೆ. 19ಕ್ಕೆ ತಾರೀಖು, ಅಂದು ಅಂಗಡಿ ಮಧ್ಯಾಹ್ನದ ಮೇಲೆ.