ಅಂಗಡಿ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್: ಮೂರು ವರ್ಷ ದಾಟಿದ ಮೇಲೆ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನಮ್ಮದು ಝೆರಾಕ್ಸ್, ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಇರೋದು ಎರಡು ಕಂಪ್ಯೂಟರ್. 2022ರಲ್ಲಿ ಒಂದು ದಿನ ಹಿರಿಯರೊಬ್ಬರು ಮೂಲವ್ಯಾಧಿಯ ಔಷಧ ಹುಡುಕಿಸಿಕೊಂಡು ಹೋದರು. ಅವರೆದ್ದ ಕುರ್ಚಿಯಲ್ಲೇ ಕಾಲೇಜು ಹುಡುಗಿ ಕೂತಳು. ಸುದ್ದಿ ಪುಟ ತೆರೆದರೆ ಎರಡೂ ಬದಿಗೆ ಮೂಲವ್ಯಾಧಿಯದೇ ಜಾಹೀರಾತು! "ಅಣ್ಣಾ, ಇದೇನ್ರಿ?" ಅಂದಳು. ನಾನು ಅವಸರದಲ್ಲಿ ಪುಟ ಮುಚ್ಚಿದೆ. ಅವತ್ತೇ ಸಂಜೆ ಫೈರ್‌ಫಾಕ್ಸ್ ಬ್ರೌಸರ್ ಹಾಕಿದೆ.

ಕುಕಿ ಅಂದರೆ ನಮ್ಮ ಗುರುತು ಹಿಡಿಯಲು ಸೈಟುಗಳು ಬ್ರೌಸರಿನಲ್ಲಿ ಇಟ್ಟುಹೋಗುವ ಪುಟ್ಟ ಚೀಟಿ. ಅದೇ ವರ್ಷ ಜೂನ್‌ನಲ್ಲಿ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರು ಒಂದೊಂದು ಸೈಟಿನ ಕುಕಿಗೆ ಒಂದೊಂದು ಡಬ್ಬಿ ಮಾಡಿಟ್ಟಿದ್ದರು. ಔಷಧದ ಸೈಟಿನಲ್ಲಿ ಕೂತ ಜಾಹೀರಾತು ಕಂಪನಿ ಇಟ್ಟ ಕುಕಿ, ಸುದ್ದಿ ಸೈಟಿನಲ್ಲಿ ಅದೇ ಕಂಪನಿಗೆ ಸಿಗುವುದಿಲ್ಲ. ಇದಕ್ಕೆ ನಾವೇನೂ ಒತ್ತಬೇಕಿಲ್ಲ, ಮೊದಲಿಂದಲೇ ಚಾಲೂ. ನನಗೆ ಇದೇ ದೊಡ್ಡದು. ಯಾಕಂದರೆ ಅಂಗಡಿಗೆ ಬರುವವರಲ್ಲಿ ಸೆಟ್ಟಿಂಗ್ಸ್ ತೆರೆದವರನ್ನು ನಾನು ಇನ್ನೂ ಕಂಡಿಲ್ಲ. ಕಂಪನಿ ಹಾಕಿಕೊಟ್ಟ ಟಿಕ್ಕೇ ಅವರ ಪಾಲಿಗೆ ಕಾನೂನು.

ಹಂಗಂತ ಮೊಜಿಲ್ಲಾದವರೇನು ಬಸವಣ್ಣನ ವಚನ ಹಿಡಿದು ಕೂತವರಲ್ಲ. ಬಳಕೆಯ ತಾಂತ್ರಿಕ ಮಾಹಿತಿ ಅವರಿಗೆ ಹೋಗುವ ಟಿಕ್ ಮೊದಲೇ ಬಿದ್ದಿರುತ್ತದೆ. 2024ರ ಜುಲೈನಲ್ಲಿ ಬಂದ 128ನೇ ಆವೃತ್ತಿಯಲ್ಲಿ ಜಾಹೀರಾತಿನ ಫಲ ಅಳೆಯುವ ಇನ್ನೊಂದು ಟಿಕ್ಕನ್ನೂ ಕೇಳದೆ ಹಾಕಿಯೇ ಕಳಿಸಿದರು. ಖಾಸಗಿತನ ಕಾಪಾಡಿಯೇ ಅಳೆಯುತ್ತೇವೆ ಅನ್ನೋದು ಆಗ ಅವರ ವಾದವಾಗಿತ್ತು. ಇರಬಹುದು, ಕೇಳಿ ಹಾಕಬಹುದಿತ್ತಲ್ಲ? ಅವರ ಆದಾಯದ ಬಹುಪಾಲು ಗೂಗಲ್ ಹುಡುಕಾಟವನ್ನು ಮುಂದಿಟ್ಟದ್ದಕ್ಕೇ ಬರುತ್ತದೆ ಅನ್ನೋದೂ ನೆನಪಿರಲಿ.

ಮುಚ್ಚಿದಾಗ ಕುಕಿ ಅಳಿಸುವ ಆಯ್ಕೆಯನ್ನು ಮಾತ್ರ ನಾವೇ ಹಾಕಿಕೊಳ್ಳಬೇಕು. ಅಂಗಡಿ ಇಟ್ಟವರು ಇದನ್ನು ಬಿಡಬೇಡಿ. ಲಾಗೌಟ್ ಮಾಡದೆ ಎದ್ದು ಹೋದವರ ಮೇಲ್ ಮುಂದಿನವರಿಗೆ ತೆರೆದುಕೊಳ್ಳುವ ಪಜೀತಿ ನಿಂತಿದೆ. ಬದಲಿಗೆ ಪ್ರತಿ ಸಲ ಓಟಿಪಿ, ಅದಕ್ಕೆ ಗಿರಾಕಿಗಳ ಬೈಗುಳ.

"ಪ್ರೈವೇಟ್ ವಿಂಡೋನಾಗ ತೆಗೀರಿ, ಯಾರಿಗೂ ಗೊತ್ತಾಗಂಗಿಲ್ಲ" ಅನ್ನುವವರೂ ಬರುತ್ತಾರೆ. "ನನ್ನ ಕಂಪ್ಯೂಟರಿನಾಗ ಉಳಿಯಂಗಿಲ್ಲ ಕಾಕಾ, ಅಷ್ಟ. ಸೈಟಿನವರಿಗೆ ನಮ್ಮ ನೆಟ್ಟಿನ ವಿಳಾಸ ಕಾಣೇ ಕಾಣ್ತದ" ಅಂದರೆ ಮುಖ ಸಪ್ಪಗೆ.

ಎರಡನೇ ಕಂಪ್ಯೂಟರಿನಲ್ಲಿ ಹಳೇ ಬ್ರೌಸರೇ ಇದೆ. ಬೆರಳಚ್ಚಿನ ಮಷಿನ್ ಬೇಕಾಗುವ ಒಂದು ಪೋರ್ಟಲ್ ಫೈರ್‌ಫಾಕ್ಸಿನಲ್ಲಿ ಏಳೋದೇ ಇಲ್ಲ. ಹೆಬ್ಬೆಟ್ಟು ಒತ್ತಲು ಬಂದವರಿಗೆ ಇವತ್ತಿಗೂ ಆ ಕುರ್ಚಿಯೇ.